ಕಾಯಕವೂ ದಾಸೋಹವೂ

(ಬಾನುಲಿ ಭಾಷಣ)

ಸುರಪುರದಿಂದ ಲಿಂಗಸುಗೂರಿನ ದಾರಿ ಹಿಡಿದು ಹೊರಟರೆ, ಕೃಷ್ಣಾನದಿಯನ್ನು ದಾಟುವ ಮೊದಲು ತಿಂಥಣಿ ಸಿಗುತ್ತದೆ. ಮೌನೇಶ್ವರರು ನೆಲೆಸಿದ ಊರು. ಕಮ್ಮಾರರು, ಬಡಿಗರು, ಕಂಚುಗಾರರು, ಶಿಲ್ಪಿಗಳು, ಅಕ್ಕಸಾಲಿಗರು ಆ ಸಂತರನ್ನು ತಮ್ಮ ಗುರುವೆಂದು ಕಾಣುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಹೀಗೆ ಕೈಕಸುಬಿನ ಜನರ ದೈವ ನೆಲೆಸಿರುವ ಆ ನದೀತೀರದಲ್ಲಿ, ಜಾತ್ರೆಯ ಒಂದು ದಿನ, ದಾಸೋಹದ ಪಂಕ್ತಿಗಾಗಿ ಕಾಯುತ್ತ ಕುಳಿತಿದ್ದಾಗ ನನ್ನ ಕಿವಿಗೆ ಬಿದ್ದ ಮಾತಿನಿಂದ ಇಂದಿನ ಭಾಷಣವನ್ನು ಆರಂಭಿಸುತ್ತೇನೆ.

ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು ಬೇಸರದಿಂದ ಹೇಳುತ್ತಿದ್ದರು: “ಹತ್ತಿ ಬಿಡಿಸಾಕ ಒಂದು ಆಳು ಸಿಗವಲ್ದು ನೋಡ್ರಿ. ಸರ್ಕಾರ ಪುಕ್ಕಟ ಅಕ್ಕಿ ಕೊಟ್ಟು ಮಂದೀನ ಮೈಗಳ್ಳರನ್ನ ಮಾಡ್ಯಾದ. ದುಡಿದವಗಷ್ಟ ಅಕ್ಕಿ ಅಂತ ಒಂದು ಕಾಯ್ದೆ ಮಾಡಬೇಕು. ಕಾಯಕ ಮಾಡಂತ ಬಸವಣ್ಣ ಹೇಳಿಲ್ಲೇನು?” ಸುತ್ತಲಿದ್ದ ಕೆಲವರು ತಲೆದೂಗಿದರು. ಆಗ ಆಚೆ ಕುಳಿತಿದ್ದ ಒಬ್ಬ ಮುದುಕಿ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಹೇಳಿದಳು: “ಯಪ್ಪಾ, ಅಕ್ಕಿ ತಿಂದು ಮನ್ಯಾಗ ಮಲಗ್ಯಾರ ಅಂತೀರಿ. ನಮ್ಮ ಓಣ್ಯಾಗ ಬಂದು ನೋಡ್ರಿ, ಮಲಗಾಕ ಮನ್ಯಾಗ ಯಾರದಾರ? ಮನಿಗೆಲ್ಲ ಕೀಲಿ ಬಿದ್ದಾವ. ಮಗ ಸೊಸಿ ಬೆಂಗಳೂರಾಗ ಕಲ್ಲು ಹೊರತಾರ. ಆ ಅಕ್ಕಿ ಕುದಿಸಿ ಮೊಮ್ಮಕ್ಕಳ ಹೊಟ್ಟಿಗೆ ಹಾಕಾಕಿ ನಾನು.” ರೈತರು ಮತ್ತೆ ಮಾತನಾಡಲಿಲ್ಲ. ಅಷ್ಟರಲ್ಲಿ ಪಂಕ್ತಿಗೆ ಕರೆ ಬಂತು. ಇಬ್ಬರೂ ಎದ್ದು ಹೋಗಿ ಒಂದೇ ಸಾಲಿನಲ್ಲಿ ಕುಳಿತು ಉಂಡರು.

ಸರ್ಕಾರದಿಂದ ಅನ್ನವನ್ನೋ ಹಣವನ್ನೋ ಪಡೆಯುವವನಿಂದ ದುಡಿಮೆಯನ್ನು ಕೇಳಬೇಕೆ ಎಂಬ ಪ್ರಶ್ನೆ ಈಗ ಪ್ರಪಂಚದ ಅನೇಕ ದೇಶಗಳಲ್ಲಿ ಚರ್ಚೆಗೆ ಬಂದಿದೆ. ನಮ್ಮಲ್ಲಿ ಈ ಪ್ರಶ್ನೆಯನ್ನು ಎತ್ತುವವರು ಕಾಯಕವೆಂಬ ದೊಡ್ಡ ಮಾತಿನ ಆಸರೆಯನ್ನು ಪಡೆಯುತ್ತಾರೆ. ಆದ್ದರಿಂದ ಎರಡು ವಿಷಯಗಳನ್ನು ನಾವು ವಿಚಾರಿಸಬೇಕಾಗುತ್ತದೆ. ಹಸಿದವನಿಂದ ದುಡಿಮೆಯನ್ನು ಕೇಳಿದ ಸಂದರ್ಭಗಳಲ್ಲಿ ನಮ್ಮ ನಾಡಿನಲ್ಲಿ ಹಿಂದೆ ಏನಾಯಿತು? ಮತ್ತು ಶರಣರ ಕಾಯಕ ನಿಜವಾಗಿ ಯಾರ ಮೇಲೆ ಹೊರಿಸಿದ ನಿಯಮ?

ಮೊದಲು ಆ ರೈತರಿಗೆ ನ್ಯಾಯ ಸಲ್ಲಿಸೋಣ. ಅವರ ಸಂಕಟ ಸುಳ್ಳಲ್ಲ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳ ಎಷ್ಟೋ ಹೊಲಗಳು ಬತ್ತದ ಗದ್ದೆಗಳಾದವು. ನಾಟಿಯ ಕಾಲ, ಹತ್ತಿ ಬಿಡಿಸುವ ಕಾಲ ಬಂದಾಗ ಎಲ್ಲರಿಗೂ ಒಟ್ಟಿಗೇ ಆಳು ಬೇಕಾಗುತ್ತದೆ. ಗೊಬ್ಬರಕ್ಕೆ ಸಾಲ, ಔಷಧಕ್ಕೆ ಸಾಲ; ಮಾಲಿಗೆ ಬೆಲೆ ಬಂದೀತೆಂಬ ನಂಬಿಕೆಯಿಲ್ಲ. ಅಂಥ ನಾಲ್ಕೆಕರೆಯ ರೈತನಿಗೆ ಕೂಲಿ ಹೆಚ್ಚಾದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಇದನ್ನು ಅಲ್ಲಗಳೆಯುವವನು ಹಳ್ಳಿಯನ್ನು ಕಂಡವನಲ್ಲ.

ಆದರೆ ಅವರು ಹುಡುಕಿದ ಕಾರಣ ಸರಿಯೆ? ಲೆಕ್ಕವನ್ನೇ ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದಲ್ಲಿ ತಲೆಗೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ. 2023ರ ಜನವರಿಯಿಂದ ಅದಕ್ಕೆ ಬೆಲೆಯನ್ನೂ ತೆಗೆದುಕೊಳ್ಳುತ್ತಿಲ್ಲ. ತಿಂಗಳಿಗೆ 5 ಕಿಲೋ ಎಂದರೆ ದಿನಕ್ಕೆ ಸುಮಾರು 166 ಗ್ರಾಂ. ರಾಜ್ಯ ಸರ್ಕಾರ ಅಷ್ಟನ್ನೇ ಮತ್ತೆ ಸೇರಿಸಿತೆಂದು ಇಟ್ಟುಕೊಂಡರೂ 333 ಗ್ರಾಂ. ಎಣ್ಣೆ, ಬೇಳೆ, ಉಪ್ಪು, ಮದ್ದು, ಮಕ್ಕಳ ಪುಸ್ತಕ, ಹಬ್ಬದ ಬಟ್ಟೆ ಇವಾವುವೂ ಇದರಲ್ಲಿಲ್ಲ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ಗೊತ್ತುಮಾಡಿದ್ದು ತಿಂಗಳಿಗೆ 2000 ರೂಪಾಯಿ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025–26ರಲ್ಲಿ 370 ರೂಪಾಯಿ ಇತ್ತು. ಎಂದರೆ ಆ ಎರಡು ಸಾವಿರ ಆರು ದಿನದ ಕೂಲಿಗೂ ಸಮನಲ್ಲ. ಆರು ದಿನದ ಕೂಲಿಯನ್ನು ನಂಬಿ ಮೂವತ್ತು ದಿನ ಮಲಗುವವನಿದ್ದರೆ ಅವನನ್ನು ಸೋಮಾರಿ ಎನ್ನುವುದಕ್ಕಿಂತ ಯೋಗಿ ಎನ್ನುವುದೇ ಸರಿ.

ಯಾದಗಿರಿ ಸೀಮೆಯ ಕೂಲಿಕಾರರು ಮಲಗಿಲ್ಲ. ಅವರು ಗುಳೆ ಹೋಗಿದ್ದಾರೆ. ಬೆಂಗಳೂರಿನ ಮಹಡಿಗಳಿಗೆ ಗಾರೆ ಹೊರುವವರಲ್ಲಿ, ಪುಣೆ, ಮುಂಬಯಿ, ಹೈದರಾಬಾದುಗಳ ರಸ್ತೆಗಳಿಗೆ ಕಲ್ಲು ಹಾಸುವವರಲ್ಲಿ ನಮ್ಮ ಸೀಮೆಯವರೆಷ್ಟು ಎಂಬುದನ್ನು ರಾತ್ರಿಯ ಬಸ್ಸುಗಳೇ ಹೇಳುತ್ತವೆ. ಊರಿನಲ್ಲಿ ಉಳಿಯುವವರು ಮುದುಕರು, ಮಕ್ಕಳು, ರೋಗಿಗಳು. ಅಕ್ಕಿಗೆ ದುಡಿಮೆಯ ಷರತ್ತನ್ನು ಹಾಕಿದರೆ ಅದು ತಾಗುವುದು ಗುಳೆ ಹೋದ ಗಟ್ಟಿಗನಿಗಲ್ಲ, ಇವರಿಗೆ. ಕೂಲಿಯಿಲ್ಲದೆ ಮೊಮ್ಮಕ್ಕಳನ್ನು ಸಾಕುವ ಆ ಮುದುಕಿಯ ದುಡಿಮೆ ಯಾವ ಹಾಜರಿ ಪಟ್ಟಿಯಲ್ಲಿಯೂ ಬರೆಯಲ್ಪಡುವುದಿಲ್ಲವಷ್ಟೆ!

ಹಸಿದವನನ್ನು ದುಡಿಮೆಯಿಂದ ಪರೀಕ್ಷಿಸುವ ಪದ್ಧತಿ ಹೊಸದೇನೂ ಅಲ್ಲ. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಕಾಯ್ದೆಯನ್ನು ತಿದ್ದಿದಾಗ, ನೆರವು ಬೇಡುವ ಗಟ್ಟಿಗನು ದುಡಿಮೆಯ ಮನೆಗೆ ಬಂದು ಸೇರಬೇಕು. ಅಲ್ಲಿನ ಬಾಳು ಹೊರಗಿನ ಅತ್ಯಂತ ಬಡ ಕೂಲಿಕಾರನ ಬಾಳಿಗಿಂತಲೂ ಕೀಳಾಗಿರಬೇಕು ಎಂಬ ತತ್ತ್ವವನ್ನು ಮುಂದಿಟ್ಟರು. ನೆರವನ್ನು ಕಹಿಮಾಡಿದರೆ ನಿಜವಾಗಿ ಹಸಿದವನು ಮಾತ್ರ ಅದನ್ನು ನುಂಗುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಆ ತರ್ಕ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಬರಗಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ, ಕಲಾದಗಿ ಜಿಲ್ಲೆಗಳೂ ಮದರಾಸು ಪ್ರಾಂತದ ಬಳ್ಳಾರಿಯೂ ಮೈಸೂರು ಸಂಸ್ಥಾನವೂ ಬೆಂದುಹೋದವು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಬರದ ನಡುವೆ, 1877ರ ಜನವರಿಯಲ್ಲಿ, ವೈಸರಾಯ್ ಲಿಟನ್ ಪರಿಹಾರದ ಖರ್ಚನ್ನು ಹಿಡಿತಕ್ಕೆ ತರಲೆಂದು ಸರ್ ರಿಚರ್ಡ್ ಟೆಂಪಲ್‌ನನ್ನು ಕಳುಹಿಸಿದ. ಟೆಂಪಲ್ ಗೊತ್ತುಮಾಡಿದ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಚಿಲ್ಲರೆ ಕಾಸು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಅಷ್ಟನ್ನು ತಿಂದು ಅವನು ದಿನವಿಡೀ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇಷ್ಟರಿಂದ ದುಡಿಯುವ ದೇಹ ಉಳಿಯಲಾರದೆಂದು ಪ್ರತಿಭಟಿಸಿದ. ಕಡೆಗೆ ಮದರಾಸು ಸರ್ಕಾರ ಆ ಕೂಲಿಯನ್ನು ಹೆಚ್ಚಿಸಬೇಕಾಯಿತು.

ಕೂಲಿಯೊಂದೇ ಅಲ್ಲ, ದೂರವೂ ಒಂದು ಪರೀಕ್ಷೆಯಾಗಿತ್ತು. ಗಟ್ಟಿಗರಾದವರಿಗೆ ತಮ್ಮ ಊರಿನಿಂದ ಹತ್ತು ಮೈಲಿಯ ಒಳಗೆ ಕೆಲಸವನ್ನು ಕೊಡಬಾರದು ಎಂದು ನಿಯಮ ಮಾಡಿದರು. ಮನೆಮಠ ಬಿಟ್ಟು ಅಷ್ಟು ದೂರ ನಡೆದು, ಕೆಲಸದ ಸ್ಥಳದಲ್ಲಿಯೇ ಬಯಲಲ್ಲಿ ಮಲಗಲು ಒಪ್ಪುವವನು ನಿಜವಾಗಿ ಹಸಿದವನೇ ಇರಬೇಕು, ಅಲ್ಲವೆ? ಆದರೆ ನಿಜವಾಗಿ ಹಸಿದವನಿಗೆ ಹತ್ತು ಮೈಲಿ ನಡೆಯುವ ಶಕ್ತಿಯಿರುವುದಿಲ್ಲ ಎಂಬ ಸರಳ ಮಾತು ಆ ನಿಯಮ ಬರೆದವರಿಗೆ ಹೊಳೆಯಲಿಲ್ಲ. 1877ರ ಆರಂಭದಲ್ಲಿ ಮುಂಬಯಿ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿದ್ದ ಸಾವಿರಾರು ಜನ ಈ ನಿಯಮಗಳನ್ನು ಒಲ್ಲದೆ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಉಪವಾಸವಿದ್ದವರು ಕೂಲಿಯನ್ನೇ ತ್ಯಜಿಸಿ ಪ್ರತಿಭಟಿಸಿದ ಈ ಸಂಗತಿ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚು ಕಾಣುವುದಿಲ್ಲ.

ಇಷ್ಟಾದ ಮೇಲೆ ಸರ್ಕಾರಕ್ಕೂ ಸ್ವಲ್ಪ ವಿವೇಕ ಮೂಡಿತು. 1880ರ ಕ್ಷಾಮ ಆಯೋಗದ ವರದಿ, ಅದರಿಂದ 1883ರಲ್ಲಿ ಹೊರಟ ಕ್ಷಾಮ ಸಂಹಿತೆ—ಇವು ಒಂದು ಭೇದವನ್ನು ಸ್ಪಷ್ಟವಾಗಿ ಗುರುತಿಸಿದವು. ದುಡಿಯಬಲ್ಲವನಿಗೆ ಕೆಲಸ ಕೊಟ್ಟು ಕೂಲಿ ಕೊಡಬೇಕು. ದುಡಿಯಲಾರದವನಿಗೆ ಏನನ್ನೂ ಕೇಳದೆ ಅನ್ನ ಕೊಡಬೇಕು. ವಿದೇಶೀ ಸರ್ಕಾರವೂ, ತನ್ನ ಜಿಪುಣತನದ ನಡುವೆಯೇ, ಎರಡನೆಯದನ್ನು ಒಪ್ಪಿಕೊಳ್ಳಬೇಕಾಯಿತು ಎಂಬುದು ಗಮನಾರ್ಹ.

ಸ್ವಾತಂತ್ರ್ಯ ಬಂದ ಮೇಲೆ ಇದೇ ಮಣ್ಣು ಕೆಲಸ ಬೇರೊಂದು ಅರ್ಥವನ್ನು ಪಡೆಯಿತು. 1972–73ರ ಬರದ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಲಕ್ಷಾಂತರ ಜನ ಪರಿಹಾರ ಕಾಮಗಾರಿಗಳಿಗೆ ಬಂದರು. ವಿ. ಎಸ್. ಪಾಗೆಯವರ ಚಿಂತನೆಯಿಂದ ಮೂಡಿದ ಉದ್ಯೋಗ ಖಾತರಿ ಯೋಜನೆ 1977ರಲ್ಲಿ ಅಲ್ಲಿ ಕಾಯ್ದೆಯ ರೂಪವನ್ನು ತಾಳಿತು. ಅದೇ ದಾರಿಯಲ್ಲಿ 2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಮಾಡಿತು. 2006ರ ಫೆಬ್ರವರಿಯಲ್ಲಿ ಮೊದಲು ಜಾರಿಗೆ ಬಂದ 200 ಜಿಲ್ಲೆಗಳಲ್ಲಿ ಕಲಬುರಗಿಯೂ ರಾಯಚೂರೂ ಸೇರಿದ್ದವು. ಯಾದಗಿರಿ ಜಿಲ್ಲೆ ಆಗ ಹುಟ್ಟಿರಲಿಲ್ಲ. ತಿಂಥಣಿ ಅಂದಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿ. ಹೀಗೆ ಕೃಷ್ಣೆಯ ಎರಡೂ ದಂಡೆಗಳಿಗೆ ಆ ಕಾಯ್ದೆ ಮೊದಲ ದಿನದಿಂದಲೇ ಸಂದಿತು.

ಟೆಂಪಲ್‌ನ ನಿಯಮಗಳನ್ನೂ ಈ ಕಾಯ್ದೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಹತ್ತು ಮೈಲಿಯ ಒಳಗೆ ಕೆಲಸ ಕೊಡಬಾರದು; ಇಲ್ಲಿ ಐದು ಕಿಲೋಮೀಟರಿನ ಒಳಗೇ ಕೆಲಸ ಕೊಡಬೇಕು, ದೂರವಾದರೆ ಕೂಲಿಯ ಮೇಲೆ ಶೇಕಡಾ ಹತ್ತರಷ್ಟು ಹೆಚ್ಚು ಕೊಡಬೇಕು. ಅಲ್ಲಿ ಹಸಿದವನು ತನ್ನ ಹಸಿವನ್ನು ರುಜುವಾತು ಮಾಡಬೇಕು. ಇಲ್ಲಿ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ಸರ್ಕಾರವೇ ನಿರುದ್ಯೋಗ ಭತ್ಯೆಯನ್ನು ತೆರಬೇಕು. ಕೆಲಸದ ಬಳಿ ಕುಡಿಯುವ ನೀರು, ನೆರಳು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬಳು ಹೆಂಗಸು ಇರಬೇಕೆಂದು ಕಾಯ್ದೆ ಹೇಳಿತು. ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಹೆಂಗಸರಿಗೆ ಕೆಲಸ ಸಿಗಬೇಕು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಗುದ್ದಲಿ ಅದೇ, ಬುಟ್ಟಿ ಅದೇ, ಅಗೆಯುವ ಎರೆ ಮಣ್ಣೂ ಅದೇ. ಆದರೆ ಒಂದು ಕಡೆ ದುಡಿಮೆ ಜನರನ್ನು ದೂರವಿಡುವ ಬಾಗಿಲು. ಇನ್ನೊಂದು ಕಡೆ ಜನರು ಕೇಳಿ ಪಡೆಯುವ ಹಕ್ಕು. ನಾನು ಇಂದು ಹೇಳಬೇಕೆಂದಿರುವ ಮಾತಿನ ತಿರುಳು ಈ ಭೇದದಲ್ಲಿದೆ.

ಕಾಯ್ದೆಯಲ್ಲಿ ಬರೆದದ್ದೆಲ್ಲ ನೆಲದ ಮೇಲೆ ನಡೆಯಿತೆಂದು ನಾನು ಹೇಳಲಾರೆ. ಕೂಲಿ ತಡವಾಯಿತು, ಭತ್ಯೆ ಅಪರೂಪವಾಯಿತು, ಕೆಲವೆಡೆ ಯಂತ್ರಗಳು ಅಗೆದವು, ಹಾಜರಿ ಪಟ್ಟಿಯಲ್ಲಿ ಜನರ ಹೆಸರು ಬಿತ್ತು. ಈ ಮೋಸವನ್ನು ತಡೆಯಲು 2023ರ ಜನವರಿಯಿಂದ ಕಾಮಗಾರಿಯ ಸ್ಥಳದಲ್ಲಿ ದಿನಕ್ಕೆ ಎರಡು ಬಾರಿ ಮೊಬೈಲಿನಲ್ಲಿ ಕೂಲಿಕಾರರ ಭಾವಚಿತ್ರ ತೆಗೆದು ಕಳುಹಿಸುವ ಹಾಜರಿ ಕಡ್ಡಾಯವಾಯಿತು. ಒಂದು ವರ್ಷದ ಬಳಿಕ ಆಧಾರ್ ಮೂಲಕವೇ ಕೂಲಿ ಪಾವತಿ ಎಂದು ನಿಯಮವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಸಂಕೇತ ಸಿಗದ ಕುರುಚಲು ಬಯಲಿನಲ್ಲಿ, ಮಧ್ಯಾಹ್ನದ ಚಿತ್ರ ಹೋಗದಿದ್ದರೆ ಬೆಳಗಿನ ಬೆವರು ಲೆಕ್ಕಕ್ಕೆ ಬಾರದು. ಹೆಸರಿನ ಒಂದಕ್ಷರ ವ್ಯತ್ಯಾಸವಾದರೆ ಕೂಲಿ ಎಲ್ಲೋ ನಿಂತುಹೋಗುತ್ತದೆ. ಹೀಗೆ ಹೊರಗೆ ಹಾಕಿದ್ದ ಪರೀಕ್ಷೆ ಕಾಗದದ ವೇಷದಲ್ಲಿ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ. ದುಡಿದವನು ತಾನು ದುಡಿದೆನೆಂದು ರುಜುವಾತು ಮಾಡಬೇಕಾಗುತ್ತದೆ.

ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ 2018ರಲ್ಲಿ ಒಂದು ಪ್ರಯೋಗ ನಡೆಯಿತು. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಬೇಕಾದರೆ ತಿಂಗಳಿಗೆ 80 ಗಂಟೆ ದುಡಿದೆನೆಂದು ವರದಿ ಸಲ್ಲಿಸಬೇಕು ಎಂದು ಷರತ್ತು ಹಾಕಿದರು. ಕೆಲವೇ ತಿಂಗಳಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ವಿಮೆಯನ್ನು ಕಳೆದುಕೊಂಡರು. 2019ರಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. ಆ ಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದು ಇದು: ಷರತ್ತಿನಿಂದ ದುಡಿಯುವವರ ಸಂಖ್ಯೆ ಹೆಚ್ಚಲಿಲ್ಲ, ಷರತ್ತಿಗೆ ಒಳಪಟ್ಟವರಲ್ಲಿ ಬಹುಪಾಲು ಜನ ಮೊದಲೇ ದುಡಿಯುತ್ತಿದ್ದವರು, ಇಲ್ಲವೆ ವಿನಾಯಿತಿಗೆ ಅರ್ಹರಾದವರು. ಸೋತದ್ದು ಸೋಮಾರಿಯಲ್ಲ, ವರದಿ ಸಲ್ಲಿಸಲು ತಿಳಿಯದವನು. ಹೀಗಿದ್ದರೂ 2025ರ ಜುಲೈನಲ್ಲಿ ಆ ದೇಶ ಇಂಥದೇ ಷರತ್ತನ್ನು ರಾಷ್ಟ್ರದ ಮಟ್ಟದಲ್ಲಿ ಶಾಸನವಾಗಿ ಅಂಗೀಕರಿಸಿತು. ಅನುಭವದಿಂದ ಪಾಠ ಕಲಿಯುವುದು ಬಡವರಿಗೆ ಮಾತ್ರ ವಿಧಿಸಿದ ನಿಯಮವೆಂದು ತೋರುತ್ತದೆ.

ನಮ್ಮ ದೇಶದಲ್ಲಿ 2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಕಾಯ್ದೆಯ ಸ್ಥಾನಕ್ಕೆ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ನೂರು ದಿನದ ಬದಲು 125 ದಿನದ ಕೆಲಸ ಎಂದು ಅದು ಹೇಳುತ್ತದೆ, ಹೆಚ್ಚಳವನ್ನು ಸ್ವಾಗತಿಸೋಣ. ಆದರೆ ಬಿತ್ತನೆ, ಸುಗ್ಗಿಗಳ ಕಾಲವೆಂದು ಮೊದಲೇ ಗೊತ್ತುಪಡಿಸಿದ, ವರ್ಷಕ್ಕೆ ಒಟ್ಟು 60 ದಿನಗಳಲ್ಲಿ ಈ ಕಾಮಗಾರಿಗಳು ನಡೆಯಬಾರದೆಂದೂ ಅದರಲ್ಲಿದೆ. ತಿಂಥಣಿಯ ಪಂಕ್ತಿಯಲ್ಲಿ ಕೇಳಿದ ದೂರಿಗೆ ಇದು ಸಂಸತ್ತು ಕೊಟ್ಟ ಉತ್ತರ ಎನ್ನಬಹುದು. ಆ ಅರವತ್ತು ದಿನ ರೈತನಿಗೆ ಆಳು ಸಿಗಲಿ ಎಂಬುದು ಇದರ ಆಶಯ. ಆದರೆ ಆಳಿನ ದೃಷ್ಟಿಯಿಂದಲೂ ಇದನ್ನು ನೋಡಬೇಕಷ್ಟೆ. ಕೂಲಿಯನ್ನು ಕುರಿತು ಅವನು ನಾಲ್ಕು ಮಾತಾಡಬಹುದಾದ ಕಾಲವೆಂದರೆ ಅದೇ. ಇನ್ನೊಂದು ಬಾಗಿಲು ತೆರೆದಿದ್ದರೆ ಮಾತ್ರ ಅವನು ಈ ಬಾಗಿಲಲ್ಲಿ ತಲೆಯೆತ್ತಿ ನಿಲ್ಲಬಲ್ಲ. ರೈತನ ಸಂಕಟಕ್ಕೆ ಮದ್ದು ಬೆಳೆಗೆ ತಕ್ಕ ಬೆಲೆ, ಸಾಲಕ್ಕೆ ತಕ್ಕ ಬಡ್ಡಿ. ಕೂಲಿಯವನ ಬಾಗಿಲನ್ನು ಮುಚ್ಚುವುದರಿಂದ ಆ ಸಂಕಟ ಅವನ ಹೆಗಲಿಂದ ಇವನ ಹೆಗಲಿಗೆ ಜಾರುತ್ತದೆ, ಅಷ್ಟೆ.

ಇನ್ನು ಕಾಯಕದ ಮಾತು. ಕರ್ನಾಟಕದ ಉದ್ಯೋಗ ಖಾತರಿಯಲ್ಲಿ ಕೂಲಿಕಾರರ ಗುಂಪಿನ ಮುಂದಾಳಿಗೆ ‘ಕಾಯಕ ಬಂಧು’ ಎಂಬ ಹೆಸರನ್ನಿಟ್ಟರು. ಒಳ್ಳೆಯ ಹೆಸರು. ಆದರೆ ಕಾಯಕವೆಂಬುದನ್ನು ಬಡವನ ಬೆನ್ನಿಗೆ ಬಾರಿಸುವ ಬಾರುಕೋಲನ್ನಾಗಿ ಮಾಡಿಕೊಂಡವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯಬೇಕು. ಆಕೆ ದೂರದವಳಲ್ಲ. ತಿಂಥಣಿಯ ಸೇತುವೆ ದಾಟಿ ಮುಂದೆ ಹೋದರೆ ಸಿಗುವ ಗುರುಗುಂಟೆಯ ಅಮರೇಶ್ವರವೇ ಮಾರಯ್ಯ ಲಕ್ಕಮ್ಮ ದಂಪತಿಗಳ ಮೂಲವೆಂದು ಪರಂಪರೆ ಹೇಳುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಹಿಗ್ಗಲಿಲ್ಲ, ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೆಂದು ಹೇಳಿ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದುಬರುವಂತೆ ಮಾಡಿದಳು.

ಈ ಕಥೆಯಲ್ಲಿ ಯಾರು ಯಾರನ್ನು ಪರೀಕ್ಷಿಸಿದರು? ಅರಮನೆ ಬಡವನನ್ನು ಪರೀಕ್ಷಿಸಲಿಲ್ಲ. ಬಡವಳು ತನ್ನ ಮನೆಯನ್ನೇ ಪರೀಕ್ಷಿಸಿಕೊಂಡಳು. ಕಾಯಕ ಶರಣನು ತನ್ನ ಮೇಲೆ ತಾನೇ ಹಾಕಿಕೊಂಡ ವ್ರತ. ಅದರ ಒಡಹುಟ್ಟು ದಾಸೋಹ. ದುಡಿದದ್ದನ್ನು ತಂದು ಪಂಕ್ತಿಗೆ ಸುರಿಯುವುದು ಕಾಯಕ. ಪಂಕ್ತಿಗೆ ಬಂದವನನ್ನು ನೀನೆಷ್ಟು ದುಡಿದೆ ಎಂದು ಕೇಳದೆ ಬಡಿಸುವುದು ದಾಸೋಹ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಶರಣರ ತತ್ತ್ವ ಅರ್ಧವಾಗುವುದಿಲ್ಲ, ತಲೆಕೆಳಗಾಗುತ್ತದೆ. ಕಾಯಕವನ್ನು ಉಳ್ಳವನು ಇಲ್ಲದವನಿಗೆ ಬೋಧಿಸತೊಡಗಿದರೆ ಅದು ಟೆಂಪಲ್‌ನ ಕ್ಷಾಮ ನಿಯಮವೇ ಹೊರತು ಕಲ್ಯಾಣದ ಮಾತಲ್ಲ.

ಹಾಗಾದರೆ ದುಡಿಮೆಯನ್ನು ಕೇಳಲೇಬಾರದೆ ಎಂದರೆ, ಕೇಳಬಹುದು. ಮೊದಲು ದುಡಿಮೆಯನ್ನು ಕೊಟ್ಟು ಕೇಳಬೇಕು. ಊರ ಹತ್ತಿರ, ತಕ್ಕ ಕೂಲಿಗೆ, ಹೇಳಿದ ದಿನಕ್ಕೆ ಕೊಡಬೇಕು. ಅಂಥ ಕೆಲಸವಿದ್ದರೆ ನಮ್ಮ ಸೀಮೆಯವರು ಓಡಿ ಬರುತ್ತಾರೆಂಬುದಕ್ಕೆ ಗುಳೆಯ ಬಸ್ಸುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಊರಲ್ಲಿ ಕೆಲಸ ಸಿಗದವನು ಕೆಲಸಕ್ಕಾಗಿ ಐದುನೂರು ಕಿಲೋಮೀಟರು ಹೋಗುತ್ತಿದ್ದಾನೆ. ಆದರೆ ಆ ಮುದುಕಿಯ ಅಕ್ಕಿಯ ಚೀಲಕ್ಕೆ ಈ ಲೆಕ್ಕವನ್ನು ಗಂಟುಹಾಕಬಾರದು. ಕೆಲಸ ಬೇರೆ, ಅನ್ನ ಬೇರೆ. ಎರಡೂ ಬೇಕು; ಒಂದು ಇನ್ನೊಂದಕ್ಕೆ ಬೀಗವಾಗಬಾರದು.

ತಿಂಥಣಿಯ ಜಾತ್ರೆಯಲ್ಲಿ ಅಂದು ಬಡಿಸುತ್ತಿದ್ದವರು ಯಾರ ಕೈಯಲ್ಲಿ ದಡ್ಡಿದೆ, ಯಾರ ಕೈಯಲ್ಲಿ ಇಲ್ಲ ಎಂದು ನೋಡಲಿಲ್ಲ. ಆಳು ಸಿಗದ ರೈತರಿಗೂ ಕೂಲಿಕಾರನ ತಾಯಿಗೂ ಒಂದೇ ಸೌಟಿನಿಂದ ಬಡಿಸಿದರು. ಊಟವಾದ ಮೇಲೆ ಆ ಮುದುಕಿ ಸುಮ್ಮನೆ ಹೋಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಂಕ್ತಿಯ ಎಲೆಗಳನ್ನು ತೆಗೆಯಲು ನಿಂತಳು. ಅವಳಿಗೆ ಯಾರೂ ಹೇಳಿರಲಿಲ್ಲ.